ಅಪ್ಪನ ಫೋನಿಗೆ ಬಂದ ಕಿವಿ ಮಷೀನು: ಮನೆ ವೈಫೈ ತನಿಖೆಯ ದಿನಚರಿ

ಮೊದಲ ಭಾನುವಾರ

ಶುಕ್ರವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಶಾಪಿಂಗ್ ಸೈಟು ತೆರೆದು ಕಿವಿ ಮಷೀನುಗಳ ಬೆಲೆ ನೋಡ್ತಾ ಕೂತಿದ್ದೆ. ಟಿವಿ ಸೌಂಡು ನಲವತ್ತಕ್ಕಿಂತ ಕಮ್ಮಿಯಾದರೆ ಅಪ್ಪನಿಗೆ ವಾರ್ತೆ ಕೇಳಿಸೋಲ್ಲ. ಆದರೆ ಆ ಮಾತು ಎತ್ತೋ ಧೈರ್ಯ ನಮ್ಮ ಮನೇಲಿ ಯಾರಿಗೂ ಇಲ್ಲ. ಶನಿವಾರ ಬೆಳಿಗ್ಗೆ ಅಪ್ಪ ಕಾಫಿ ಲೋಟ ಪಕ್ಕಕ್ಕಿಟ್ಟು ನನ್ನ ಮೂಗಿನ ಮುಂದೆ ಫೋನು ಹಿಡಿದರು. ಪರದೆ ತುಂಬ ಕಿವಿ ಮಷೀನು, ಜೊತೆಗೆ ರಿಯಾಯಿತಿ.

"ನಾನು ಕಿವುಡ ಅಂತ ಫೋನಿಗೂ ಹೇಳ್ಕೊಟ್ಟಿದ್ದೀಯೇನೋ?"

ನಾನು ಹೇಳಿರಲಿಲ್ಲ. ಹಾಗಾದರೆ ಹೇಳಿದವರ್ಯಾರು ಅನ್ನೋದೇ ಈ ಪ್ರಾಜೆಕ್ಟು. ಮೈಸೂರು ಕುವೆಂಪುನಗರದ ನಮ್ಮ ಮನೇಲಿ ಮೂರು ಫೋನು, ಒಂದು ಲ್ಯಾಪ್‌ಟಾಪು, ಮಗಳ ಟ್ಯಾಬು, ಒಂದು ಟಿವಿ ಇವೆ. ಎಲ್ಲಕ್ಕೂ ಒಂದೇ ಫೈಬರ್ ಸಂಪರ್ಕ.

ಹೆಂಡತಿಗೆ ಅನುಮಾನ ಮೈಕಿನ ಮೇಲೆ. "ಮಾವನ ಫೋನಿಗೆ ಎಲ್ಲಾ ಕೇಳ್ಸುತ್ತೆ ಕಣ್ರೀ, ಮಾವನಿಗೆ ಮಾತ್ರ ಕೇಳ್ಸಲ್ಲ" ಅಂದಳು, ಮೆಲ್ಲಗೇ ಅಂದಳು. ಆದರೆ ಶುಕ್ರವಾರ ರಾತ್ರಿ ಯಾರೂ ಬಾಯಿ ಬಿಟ್ಟಿರಲಿಲ್ಲ, ನಾನು ಟೈಪ್ ಮಾಡಿದ್ದೆ ಅಷ್ಟೇ. ಆಂಡ್ರಾಯ್ಡ್ 12ರಿಂದ ಈಚೆಗೆ ಯಾವ ಆ್ಯಪ್ ಮೈಕು ಮುಟ್ಟಿತು ಅಂತ ಸೆಟ್ಟಿಂಗ್ಸಿನ ಪ್ರೈವೆಸಿ ಡ್ಯಾಶ್‌ಬೋರ್ಡಿನಲ್ಲಿ ಕಾಣುತ್ತೆ. ಅಪ್ಪನ ಫೋನಿನಲ್ಲಿ ಹಿಂದಿನ 24 ಗಂಟೆಯಲ್ಲಿ ಇದ್ದದ್ದು ಫೋನ್ ಕರೆ, ವಾಟ್ಸ್‌ಆ್ಯಪ್, ಇವೆರಡೇ.

ಹಾಗಂತ ಶಬ್ದದ ದಾರಿ ಬರೀ ಕಟ್ಟುಕತೆಯೂ ಅಲ್ಲ. ಟಿವಿ ಜಾಹೀರಾತಿನೊಳಗೆ ಮನುಷ್ಯರಿಗೆ ಕೇಳಿಸದ ಶ್ರವಣಾತೀತ ಧ್ವನಿ ಸೇರಿಸೋದು, ಅದನ್ನ ಫೋನಿನ ಆ್ಯಪ್ ಹಿಡಿಯೋದು, ಈ ಟಿವಿ ಈ ಫೋನು ಒಬ್ಬರದೇ ಅಂತ ಗಂಟು ಹಾಕೋದು: ಇಂಥದ್ದೊಂದು ತಂತ್ರ ಇತ್ತು. 2016ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಈ ಕೋಡ್ ಇಟ್ಟುಕೊಂಡಿದ್ದ 12 ಆ್ಯಪ್ ತಯಾರಕರಿಗೆ ಎಚ್ಚರಿಕೆಯ ಪತ್ರ ಬರೆದಿತ್ತು. ನಮ್ಮ ಪ್ರಕರಣದಲ್ಲಿ ಟಿವಿಗೇನೂ ಪಾತ್ರವಿಲ್ಲ. ಸದ್ಯಕ್ಕೆ ಮೈಕು ನಿರಪರಾಧಿ.

ಎರಡನೇ ವಾರ

ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ರಾಸ್ಪ್‌ಬೆರಿ ಪೈ 3 ಅನ್ನೋ ಅಂಗೈಯಗಲದ ಕಂಪ್ಯೂಟರು ಕೆಳಗಿಳಿಯಿತು. ಅದಕ್ಕೆ ಪೈ-ಹೋಲ್ ಅನ್ನೋ, ಜಾಹೀರಾತು ತಡೆಯೋ ತಂತ್ರಾಂಶ ಹಾಕಿದೆ. ಗೊತ್ತಿಲ್ಲದವರಿಗೆ: ಪೈ-ಹೋಲ್ ಅಂದರೆ ಜಗಲಿ ಮೇಲೆ ಕೂತ ಅಜ್ಜಿ. ಮನೆಯಿಂದ ಯಾರು ಹೊರಟರೂ "ಯಾರ ಮನೆಗೋ?" ಅಂತ ಕೇಳುತ್ತೆ, ಬರೆದಿಟ್ಟುಕೊಳ್ಳುತ್ತೆ, ಕೆಟ್ಟ ಹೆಸರಿನವರ ಮನೆಯಾದರೆ 0.0.0.0 ಅನ್ನೋ ಇಲ್ಲದ ವಿಳಾಸ ಕೊಟ್ಟು ವಾಪಸ್ ಕಳಿಸುತ್ತೆ. ಹೋದ ಮನೇಲಿ ಏನು ಮಾತಾಡಿದಿರಿ ಅನ್ನೋದು ಅಜ್ಜಿಗೆ ತಿಳಿಯೋಲ್ಲ. ಹಿತ್ತಿಲ ಬಾಗಿಲಿಂದ ಹೋದವರೂ ಅದರ ಕಣ್ಣಿಗೆ ಬೀಳೋಲ್ಲ.

ಇಂಟರ್ನೆಟ್ ಕಂಪನಿ ಕೊಟ್ಟ ರೂಟರಿನಲ್ಲಿ ಡಿಎನ್‌ಎಸ್, ಅಂದರೆ ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡೋ ವ್ಯವಸ್ಥೆ, ಬದಲಿಸೋಕೆ ಬಿಡೋಲ್ಲ. ಅದರ ಡಿಎಚ್‌ಸಿಪಿ (ಮನೆಯ ಯಂತ್ರಗಳಿಗೆ ವಿಳಾಸ ಹಂಚೋ ಕೆಲಸ) ಆಫ್ ಮಾಡಿ ಆ ಕೆಲಸವನ್ನೂ ಪೈಗೇ ವಹಿಸಿದೆ. ಬುಧವಾರ ಮಳೆ, ಕರೆಂಟು ಮೂರು ಸಲ ಹೋಗಿ ಬಂತು, ಎಸ್‌ಡಿ ಕಾರ್ಡು ಸತ್ತಿತು. ಮನೆಗೆಲ್ಲ ವಿಳಾಸ ಹಂಚುತ್ತಿದ್ದ ಯಂತ್ರವೇ ಮಲಗಿದ್ದರಿಂದ ಇಂಟರ್ನೆಟ್ಟೇ ಇಲ್ಲ, ಮಗಳ ಹೋಮ್‌ವರ್ಕಿಗೆ ಪಕ್ಕದ ಮನೆ ವೈಫೈ. ಆ ಎರಡು ಸಂಜೆ ನನಗೆ ಸಿಕ್ಕ ಮರ್ಯಾದೆಯ ವಿವರ ಇಲ್ಲಿ ಬೇಡ. ಈಗ ಪೈ ಒಂದು ಸಣ್ಣ ಯುಪಿಎಸ್ ಮೇಲೆ ಓಡ್ತಿದೆ.

ದಾಖಲೆ ನೋಡಿದಾಗ ಮೊದಲು ಬೆಚ್ಚಿಬೀಳಿಸಿದ್ದು ಟಿವಿ. ರಿಮೋಟಿನಲ್ಲಿ ಆರಿಸಿದ ಮೇಲೂ ರಾತ್ರಿಯಿಡೀ ಯಾರ್ಯಾರ ಮನೆ ಬಾಗಿಲೋ ತಟ್ಟುತ್ತೆ. ಅಪ್ಪನ ಫೋನಿನ ಪಟ್ಟಿ ಉದ್ದ, ನಿಜ, ಆದರೆ ಕಿವಿ ಮಷೀನಿಗೆ ಎಳೆದುಕೊಂಡು ಹೋಗೋ ದಾರ ಸಿಗಲಿಲ್ಲ.

ನಡುವೆ ಸುಮ್ಮನೆ ಬ್ರೌಸರಿನ ಬೆರಳಚ್ಚು ಪರೀಕ್ಷೆಯನ್ನೂ ಮಾಡಿಕೊಂಡೆ. ಸೈಟುಗಳು ಬ್ರೌಸರಿನಲ್ಲಿ ಇಟ್ಟುಹೋಗೋ ಗುರುತುಚೀಟಿ, ಅಂದರೆ ಕುಕೀ, ಇಲ್ಲದಿದ್ದರೂ ಪರದೆಯ ಅಳತೆ, ಟೈಮ್‌ಝೋನು, ಫಾಂಟುಗಳ ಪಟ್ಟಿ ಇವನ್ನೆಲ್ಲ ಸೇರಿಸಿ ಯಂತ್ರವನ್ನ ಗುರುತಿಸೋ ವಿದ್ಯೆ ಅದು. 2010ರಲ್ಲಿ ಡಿಜಿಟಲ್ ಹಕ್ಕುಗಳ ಪರ ಕೆಲಸ ಮಾಡೋ ಅಮೆರಿಕದ ಇಎಫ್‌ಎಫ್ ಸಂಸ್ಥೆ ನಡೆಸಿದ ಪ್ರಯೋಗದಲ್ಲಿ 83.6% ಬ್ರೌಸರುಗಳ ಗುರುತು ಬೇರೆ ಯಾವುದರ ಜೊತೆಗೂ ಹೊಂದಿರಲಿಲ್ಲ. ನನ್ನದೂ ಒಂಟಿಯೇ. ಅದರಲ್ಲಿ ದೊಡ್ಡ ಪಾಲು ಯಾವುದರದ್ದು ಗೊತ್ತಾ? ಹತ್ತು ವರ್ಷದಿಂದ ತುಂಬಿಸಿಕೊಂಡು ಬಂದ ನುಡಿ, ಬರಹ ಫಾಂಟುಗಳದ್ದು. ಕನ್ನಡ ಪ್ರೇಮಕ್ಕೆ ಸಿಕ್ಕ ಬಹುಮಾನ! ಆದರೂ ಬೆರಳಚ್ಚು ಹಿಡಿಯೋದು ಒಂದು ಯಂತ್ರವನ್ನ ಮಾತ್ರ. ನನ್ನ ಲ್ಯಾಪ್‌ಟಾಪಿಗೂ ಅಪ್ಪನ ಫೋನಿಗೂ ನಂಟು ಬೀಳಬೇಕಾದರೆ ಎರಡಕ್ಕೂ ಸಮಾನವಾದದ್ದು ಏನೋ ಇರಬೇಕು: ಒಂದೇ ಲಾಗಿನ್ನು, ಇಲ್ಲಾ ಒಂದೇ ಐಪಿ ವಿಳಾಸ. ಮೊದಲನೆಯದು ಖಚಿತ ನಂಟು. ಎರಡನೆಯದು ಊಹೆ, ದಿನಾ ರಾತ್ರಿ ಒಂದೇ ವಿಳಾಸದಿಂದ ಬರೋ ಯಂತ್ರಗಳು ಒಂದೇ ಮನೆಯವು ಅನ್ನೋ ಲೆಕ್ಕ.

ನಾಲ್ಕನೇ ವಾರ

ಗಾಳ ಹಾಕಿದೆ. ಮನೇಲಿ ಯಾರೂ ಎಂದೂ ಹುಡುಕದ ವಸ್ತು ಬೇಕಿತ್ತು, ಜೇನು ಪೆಟ್ಟಿಗೆ ಅಂತ ತೀರ್ಮಾನಿಸಿದೆ. ಇನ್‌ಕಾಗ್ನಿಟೋ ಕಿಟಕಿಯಲ್ಲಿ, ಲಾಗಿನ್ ಇಲ್ಲದೆ, ಮೂರು ದಿನ ಹುಡುಕಿದೆ. ನಾಲ್ಕನೇ ದಿನ ಅಪ್ಪನ ಫೋನಿನಲ್ಲಿ ಜೇನು ಪೆಟ್ಟಿಗೆ! ಐಪಿಯದೇ ಕೈವಾಡ ಅಂತ ಕುಣಿದೆ.

ಸಂಜೆ ಅಪ್ಪನೇ ಹೇಳಿದರು. ಫ್ರಿಜ್ಜಿನ ಮೇಲೆ ನಾನು ಅಂಟಿಸಿದ್ದ ಚೀಟಿ ನೋಡಿ, ಮಂಡ್ಯದ ತೋಟದಲ್ಲಿ ಎರಡು ಇಡಬಹುದಲ್ಲ ಅಂತ ಅವರೇ ಹುಡುಕಿದ್ದರಂತೆ. "ಚೆನ್ನಾಗಿ ಹೊಳೆದಿದೆ ಕಣಪ್ಪ ನಿನಗೆ" ಅಂತ ಬೆನ್ನು ಬೇರೆ ತಟ್ಟಿದರು. ಪ್ರಯೋಗ ನೆಗೆದುಬಿತ್ತು. ಪೆಟ್ಟಿಗೆಗಳು ಮಾತ್ರ ಮುಂದಿನ ವಾರ ಬರ್ತಿವೆ.

ಎರಡನೇ ಗಾಳ ಹಿಮದಲ್ಲಿ ಹಾಕೋ ಬೂಟು. ಈ ಸಲ ಚೀಟಿ ಇಲ್ಲ. ಲಾಗಿನ್ ಇಲ್ಲದೆ ಐದು ದಿನ ಹುಡುಕಿದರೂ ಅಪ್ಪನ ಫೋನು ಮೌನ. ಆರನೇ ದಿನ ಅದೇ ಶಾಪಿಂಗ್ ಸೈಟಿಗೆ ನನ್ನ ಹೆಸರಲ್ಲಿ ಲಾಗಿನ್ ಆಗಿ ನೋಡಿದೆ. ಮರುದಿನ ಬೆಳಿಗ್ಗೆ ಕಾಫಿ ಹೊತ್ತಿಗೆ ಅಪ್ಪನ ಮುಂದೆ ಬೂಟು ಹಾಜರು.

ಆಗ, ಮೂರು ವಾರ ಆದಮೇಲೆ, ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ: ಅಪ್ಪನ ಫೋನಿನಲ್ಲಿ ಆ ಶಾಪಿಂಗ್ ಆ್ಯಪ್ ತೆರೆದು ಪ್ರೊಫೈಲ್ ಒತ್ತಿದೆ. ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ಎರಡು ವರ್ಷದ ಹಿಂದೆ ದೀಪಾವಳಿಗೆ ಆ್ಯಪ್ ಹಾಕಿಕೊಟ್ಟಾಗ, ಓಟಿಪಿ ಕೇಳಿ ಅಪ್ಪ ಒದ್ದಾಡೋದು ಬೇಡ ಅಂತ ನನ್ನ ನಂಬರಿನಲ್ಲೇ ಲಾಗಿನ್ ಮಾಡಿದ್ದೆ. ಪೈ ಬೇಕಿರಲಿಲ್ಲ, ಯುಪಿಎಸ್ ಬೇಕಿರಲಿಲ್ಲ. ಹೇಳಿಕೊಟ್ಟವನು ನಾನೇ.

ಅಪ್ಪನಿಗೆ ಹೇಳಿದೆ. "ಹೂಂ" ಅಂದರು, ಅಷ್ಟೇ.

ಐದನೇ ವಾರ

ಲಾಗೌಟ್ ಮಾಡಿಸಿ ಅಪ್ಪನಿಗೆ ಅವರದೇ ನಂಬರಿನಲ್ಲಿ ಖಾತೆ ತೆರೆದುಕೊಟ್ಟೆ. ಆದರೆ ನಂಬರು ಅನ್ನೋದು ತಲೆಯಲ್ಲಿ ಕೂತುಬಿಟ್ಟಿತ್ತು. ಒಬ್ಬನೇ ಮನುಷ್ಯ ಅಂತ ಎರಡು ಕಂಪನಿಗಳು ತಾಳೆ ನೋಡಬೇಕಾದರೆ ನಂಬರನ್ನೋ ಇಮೇಲನ್ನೋ ನೇರವಾಗಿ ಕೈ ಬದಲಿಸೋಲ್ಲ, ಹ್ಯಾಶ್ ಮಾಡಿ ಕೊಡ್ತಾರೆ. ಎಸ್‌ಎಚ್‌ಎ-256 ಅನ್ನೋ ಹ್ಯಾಶ್ ಸೂತ್ರಕ್ಕೆ ಏನೇ ಹಾಕಿದರೂ 64 ಅಕ್ಷರದ ಕಲಸುಮೇಲೋಗರ ಹೊರಬರುತ್ತೆ, ಅದರಿಂದ ಹಿಂದಕ್ಕೆ ಬರೋಕಾಗೋಲ್ಲ. ಆದರೆ ಒಂದೇ ನಂಬರು ಹಾಕಿದರೆ ಎಲ್ಲಿ ಹಾಕಿದರೂ ಅದೇ 64 ಅಕ್ಷರ. ತಾಳೆ ನೋಡೋಕೆ ಅಷ್ಟು ಸಾಕು.

ಹಿಂದಕ್ಕೆ ಬರೋಕಾಗೋಲ್ಲ ಅನ್ನೋದೂ ಮೊಬೈಲ್ ನಂಬರಿನ ವಿಷಯದಲ್ಲಿ ಅರ್ಧ ಸತ್ಯ. ನಮ್ಮ ದೇಶದ ಮೊಬೈಲ್ ನಂಬರು ಹತ್ತು ಅಂಕಿ, ಶುರುವಾಗೋದು 6, 7, 8 ಅಥವಾ 9ರಿಂದ. ಅಂದರೆ ಹೆಚ್ಚೆಂದರೆ 400 ಕೋಟಿ. ಪೈಥಾನಿನಲ್ಲಿ ಏಳು ಸಾಲು ಬರೆದು ಓಡಿಸಿದೆ. ಆರು ವರ್ಷ ಹಳೆಯ ಲ್ಯಾಪ್‌ಟಾಪು ಸೆಕೆಂಡಿಗೆ ಹತ್ತು ಲಕ್ಷದ ಆಸುಪಾಸು ಹ್ಯಾಶ್ ಮಾಡ್ತು. ಒಂದೂಕಾಲು ಗಂಟೆ ಬಿಟ್ಟರೆ ದೇಶದ ಎಲ್ಲಾ ನಂಬರೂ ಮುಗೀತು. ನನ್ನದೇ ಹ್ಯಾಶ್ ಕೊಟ್ಟು ಹಿಂದಕ್ಕೆ ಹುಡುಕಿಸಿದೆ, ಊಟ ಮುಗಿಸಿ ಬರೋದರೊಳಗೆ ನಂಬರು ಪರದೆ ಮೇಲಿತ್ತು. ಗುಟ್ಟಾಗಿಟ್ಟಿದ್ದೀವಿ ಅಂತ ಹೇಳೋ ಷರತ್ತುಗಳನ್ನ ಇನ್ನು ಮೇಲೆ ನಾನು ಬೇರೆ ಕಣ್ಣಲ್ಲಿ ಓದೋದು.

ಚಪ್ಪಲಿ ಅಂಗಡಿ, ದಿನಸಿ ಸೂಪರ್‌ಮಾರ್ಕೆಟ್ಟು, ಬಟ್ಟೆ ಅಂಗಡಿ, ಎಲ್ಲಿ ಹೋದರೂ ಬಿಲ್ಲಿಗೆ ಮುಂಚೆ "ನಂಬರ್ ಹೇಳಿ ಸಾರ್". ಎಷ್ಟು ಕಡೆ ಹೇಳಿದ್ದೀನಿ ಅಂತ ಲೆಕ್ಕ ಹಾಕೋಕೆ ಹೋಗಿ ಬಿಟ್ಟೆ. 2023ರ ಮೇ ತಿಂಗಳಲ್ಲೇ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ, ಬಿಲ್ಲಿಗಾಗಿ ಮೊಬೈಲ್ ನಂಬರು ಕೊಡಲೇಬೇಕು ಅಂತ ಗ್ರಾಹಕರನ್ನ ಒತ್ತಾಯಿಸಬೇಡಿ ಅಂತ ಅಂಗಡಿಗಳಿಗೆ ಸೂಚಿಸಿತ್ತು. ಕೌಂಟರಿನ ಹುಡುಗನಿಗೆ ಅದನ್ನ ಹೇಳಿದರೆ ಪಾಪ, "ಸಿಸ್ಟಮ್ ಮುಂದಕ್ಕೆ ಹೋಗಲ್ಲ ಸಾರ್" ಅಂತಾನೆ.

ಆರನೇ ವಾರ

ಜೇನು ಪೆಟ್ಟಿಗೆ ಇಡಿಸೋಕೆ ಅಂತ ಅಪ್ಪ ಮಂಡ್ಯದ ಅಕ್ಕನ ಮನೆಗೆ ಹೋದರು. ಬೇರೆ ಊರು, ಬೇರೆ ವೈಫೈ, ನನ್ನ ಖಾತೆಯೂ ಇಲ್ಲ. ಒಳ್ಳೆ ಪರೀಕ್ಷೆ. ಮೂರನೇ ದಿನ ಫೋನು: "ಇಲ್ಲೂ ಬಂದ್ವಲ್ಲೋ ನಿನ್ನ ಬೂಟು!"

ಇದು ಹಳೇ ಹಣೆಪಟ್ಟಿ. ಪ್ರತಿ ಆಂಡ್ರಾಯ್ಡ್ ಫೋನಿಗೂ ಒಂದು ಜಾಹೀರಾತು ಐಡಿ ಇರುತ್ತೆ. ಬೂಟಿನ ಗಿರಾಕಿ ಅಂತ ಯಾರೋ ಅದಕ್ಕೆ ಅಂಟಿಸಿದ್ದು ಖಾತೆ ಬದಲಾಯಿಸಿದ ಮಾತ್ರಕ್ಕೆ ಕಳಚಿಕೊಳ್ಳೋಲ್ಲ. ಅಕ್ಕನ ಮಗನಿಗೆ ಫೋನಿನಲ್ಲೇ ದಾರಿ ಹೇಳಿದೆ: ಸೆಟ್ಟಿಂಗ್ಸ್, ಗೂಗಲ್, ಜಾಹೀರಾತು, ಐಡಿ ಅಳಿಸು. ಅಳಿಸಿದ ಮೇಲೆ ಕೇಳಿದವರಿಗೆ ಬರೀ ಸೊನ್ನೆಗಳ ಸಾಲು ಸಿಗುತ್ತೆ. ಒಂದು ವಾರವಾಯ್ತು, ಬೂಟು ಬಂದಿಲ್ಲ. ಒಂದು ಮನೆ, ಒಂದು ಫೋನಿನ ಫಲಿತಾಂಶ ಇದು, ಸಿದ್ಧಾಂತ ಅಂತ ಹೊತ್ತು ಮೆರೆಸೋಕೆ ಹೋಗಬೇಡಿ.

ಎಂಟನೇ ವಾರ

ಅಪ್ಪ ವಾಪಸ್ ಬಂದವರೇ, ಕೇಳದೆಯೇ, "ಗಂಗೋತ್ರಿ ಹತ್ರ ಆ ಕಿವಿ ಸಂಸ್ಥೆಗೆ ಹೋಗ್ಬರೋಣ" ಅಂದರು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ 1965ರಿಂದ ಇಲ್ಲೇ ಇದೆ, ನಮ್ಮ ಮನೆಯಿಂದ ಆಟೋ ದೂರ. ನಾನೋ ರಾತ್ರಿ ಕೂತು ಆನ್‌ಲೈನಿನಲ್ಲಿ ಬೆಲೆ ನೋಡ್ತಿದ್ದೆ! ಎರಡೂ ಕಿವಿ ಪರೀಕ್ಷೆ ಆಯ್ತು. ಎಡಕ್ಕೆ ಮಷೀನು ಬೇಕಂತೆ.

ಬರ್ತಾ ಅಪ್ಪನಿಗೆ ಚಪ್ಪಲಿ ಕೊಂಡೆವು. ಕೌಂಟರಿನ ಹುಡುಗ ನಂಬರು ಕೇಳಿದ. ನಾನು ಬಾಯಿ ತೆರೆಯೋದರೊಳಗೆ ಅಪ್ಪ ಗಟ್ಟಿಯಾಗಿ ಶುರು ಮಾಡಿದರು: "ಎಂಟು, ಎರಡು, ಒಂದು..." ಹತ್ತೂ ಅಂಕಿ ಹೇಳಿ ಮುಗಿಸಿದರು. ಹುಡುಗ ಒತ್ತಿದ, ಸಿಸ್ಟಮ್ ತಗೊಂಡಿತು, ಬಿಲ್ಲು ಬಂತು.

ಅದು ನಮ್ಮ ಹಳೇ ಲ್ಯಾಂಡ್‌ಲೈನು. 0821ರ ಸೊನ್ನೆ ಬಿಟ್ಟರೆ ಸರಿಯಾಗಿ ಹತ್ತು ಅಂಕಿ. ಕಟ್ಟಾಗಿ ಏಳು ವರ್ಷ ಆಯ್ತು. ಎಂಟರಿಂದ ಶುರುವಾಗೋದರಿಂದ ಸಿಸ್ಟಮ್ ಮೊಬೈಲ್ ಅಂತಲೇ ನಂಬಿರಬೇಕು. ಆ ಲ್ಯಾಂಡ್‌ಲೈನ್ ನಂಬರು ಈಗ ಬೇರೆ ಯಾರಿಗಾದರೂ ಸಿಕ್ಕಿರಬಹುದು. ಹಾಗಿದ್ದರೆ, ಸ್ವಾಮಿ, ಚಪ್ಪಲಿ ಸೈಜು ಒಂಬತ್ತು.