ಹಿಂಗಾಲಿನ ನಾಲ್ಕನೇ ಗೆಣ್ಣು

ನಾಲ್ಕು. ಮೂರಲ್ಲ, ನಾಲ್ಕು! ಅಂಬರ್‌ನೊಳಗಿನ ನನ್ನ ಜೀರುಂಡೆಯ ಹಿಂಗಾಲಿನ ಪಾದದ ಗೆಣ್ಣುಗಳನ್ನು ಭಾನುವಾರ ರಾತ್ರಿ ಹನ್ನೊಂದೂವರೆಗೆ ಎಣಿಸಿದೆ. ನಂಬಿಕೆ ಬರದೆ ಮುಖ ತೊಳೆದುಕೊಂಡು ಬಂದು ಮತ್ತೆ ಎಣಿಸಿದೆ. ನಾಲ್ಕೇ.

ಹೊಸಬರಿಗಾಗಿ ಸ್ವಲ್ಪ ಹಳೆ ಕಥೆ. ಬಾಲ್ಟಿಕ್ ಅಂಬರ್, ಅಂದರೆ ಕಲ್ಲಾದ ಹಳೆಯ ಮರದ ರಾಳ, ಹುಣಸೆ ಬೀಜದಷ್ಟು ದೊಡ್ಡದು, ಒಳಗೆ 1.8 ಮಿ.ಮೀ. ಉದ್ದದ ಜೀರುಂಡೆ. ಮಾರಿದವನು ಚೀಟಿಯಲ್ಲಿ ‘ಇರುವೆ’ ಎಂದು ಬರೆದಿದ್ದ. ಪುಣ್ಯಾತ್ಮ, ಬೆನ್ನ ಮೇಲೆ ಗಟ್ಟಿ ಕವಚ ಇರುವ ಇರುವೆಯನ್ನು ಎಲ್ಲಿ ನೋಡಿದ್ದನೋ! ತಿದ್ದಲು ಹೋದರೆ ಬೆಲೆ ಏರಿಸುತ್ತಾನೆಂದು ನಾನೂ ಬಾಯಿ ಬಿಡಲಿಲ್ಲ. ಅದೇ ಪಾರ್ಸೆಲ್‌ನ ಇನ್ನೊಂದು ‘ಅಂಬರ್’ಗೆ ಒಂದು ಹನಿ ಅಸಿಟೋನ್ ಹಾಕಿದರೆ ಬೆರಳಿಗೆ ಅಂಟಿಕೊಂಡಿತು. ಕೋಪಲ್, ಇನ್ನೂ ಅಂಬರ್ ಆಗಿರದ ಎಳೆಯ ರಾಳ. ದುಡ್ಡು ವಾಪಸ್ ಕೇಳಿದ್ದಕ್ಕೆ ಇವತ್ತಿನವರೆಗೂ ಉತ್ತರವಿಲ್ಲ.

ನನ್ನ ತಲೆನೋವು ಒಂದೇ: ಜೀರುಂಡೆಗಳ ಎರಡು ಕುಟುಂಬಗಳಲ್ಲಿ ಇದು ಯಾವುದು, ಆಂಥಿಸಿಡೇನೋ, ಅಡೆರಿಡೇನೋ? ಎರಡರ ಪಾದದ ಗೆಣ್ಣುಗಳ ಲೆಕ್ಕವೂ 5-5-4 (ಮುಂಗಾಲು, ನಡುಗಾಲು, ಹಿಂಗಾಲು). ಆದರೆ ಅಡೆರಿಡೇಯಲ್ಲಿ ಕೊನೆಯದರ ಹಿಂದಿನ ಗೆಣ್ಣು ತೀರಾ ಪುಟ್ಟದು. ಅದಕ್ಕೂ ಹಿಂದಿನ ಗೆಣ್ಣಿನ ಹಾಲೆಯೊಳಗೆ ಅಡಗಿ ಕೂತಿರುತ್ತದೆ. ಮೇಲಿಂದ ನೋಡಿದವರಿಗೆ 4-4-3 ಅಂತಲೇ ಕಾಣುತ್ತದೆ. ನನಗೂ ಮೂರೇ ಕಾಣುತ್ತಿತ್ತು. ಅಡಗಿದೆಯೋ, ಇಲ್ಲವೇ ಇಲ್ಲವೋ?

ಕೆಳಗಿಂದ ನೋಡೋಣ ಎಂದರೆ ಹೊಟ್ಟೆಯ ಕಡೆ ಪೂರ್ತಿ ಬಿಳಿ. ಬಾಲ್ಟಿಕ್ ಅಂಬರ್ ತೆಗೆದುಕೊಂಡವರಿಗೆಲ್ಲ ಈ ಹಾಲಿನ ಕೆನೆ ಗೊತ್ತು. ಕೀಟ ಕೊಳೆಯುವಾಗ ಹೊರಟ ನೀರು, ಅನಿಲ ರಾಳದೊಳಗೆ ಸಣ್ಣ ಸಣ್ಣ ಗುಳ್ಳೆಗಳಾಗಿ ನಿಂತದ್ದು. ಉಜ್ಜಿದರೆ ಹೋಗಲ್ಲ, ಅದು ಕೀಟದ ಮೈಗೇ ಮೆತ್ತಿಕೊಂಡಿರುತ್ತದೆ. ಕಣ್ಣನ್ನಾದರೂ ನೋಡೋಣ ಎಂದರೆ, ಅಡೆರಿಡೇಗೆ ಕಣ್ಣಿನ ಪುಟ್ಟ ಪುಟ್ಟ ಮಸೂರಗಳ ನಡುವೆ ಕೂದಲಿರಬೇಕು, ಇದರ ಒಂದು ಕಣ್ಣಿಗೆ ಬಿರುಕು ಅಡ್ಡ, ಇನ್ನೊಂದಕ್ಕೆ ಅದೇ ಕೆನೆ.

ಕಲ್ಲಿನ ಮೇಲಿನ ಗೀರು ಕಾಣದಿರಲಿ ಎಂದು ಸಕ್ಕರೆ ಪಾಕ ಹಚ್ಚಿ ನೋಡಿದೆ. ಗೀರುಗಳು ಮಾಯವಾದವು, ನಿಜ. ಕಾಫಿ ಕುಡಿದು ಬರುವಷ್ಟರಲ್ಲಿ ಕಲ್ಲಿನ ಮೇಲೆ ಹದಿನೈದು ಇರುವೆ. ಮಾರಿದವನ ಚೀಟಿ ಕೊನೆಗೂ ಸರಿಯಾಯಿತು! ಅಂದಿನಿಂದ ಗ್ಲಿಸರಿನ್. ಅಂಬರ್‌ನ ವಕ್ರೀಭವನ ಸೂಚ್ಯಂಕ (ಬೆಳಕು ಎಷ್ಟು ಬಾಗುತ್ತದೆ ಎನ್ನುವ ಲೆಕ್ಕ; ಎರಡೂ ಹೊಂದಿದಷ್ಟು ಗೀರು ಕಾಣಲ್ಲ) 1.54, ಗ್ಲಿಸರಿನ್‌ನದು 1.47. ಪೂರ್ತಿ ಹೊಂದಲ್ಲ, ಆದರೆ ಇರುವೆ ಬರಲಿಲ್ಲ.

ಉಳಿದ ದಾರಿ ಒಂದೇ, ಪಕ್ಕದಿಂದ ಓರೆಯಾಗಿ ಹೊಸ ಮುಖ ಉಜ್ಜುವುದು. ಪಾದಕ್ಕೂ ಮೇಲ್ಮೈಗೂ ಇದ್ದದ್ದು ಅರ್ಧ ಮಿ.ಮೀ. ಅಂಗಡಿಯವನು ನುಣುಪಾದ 3000 ಎಂದು ಕೊಟ್ಟ ಮರಳು ಕಾಗದ ಒರಟು 800ರ ಹಾಗೆ ಗೀರಿತು. ಆಣೆ ಮಾಡಿ ಹೇಳುತ್ತೇನೆ, ಅದರಲ್ಲಿ ಬಾಣಲೆ ತಿಕ್ಕಬಹುದು. ಬೇರೆ ತರಿಸಿ, ನೀರಿನಲ್ಲಿ ನೆನೆಸಿ, ಹತ್ತು ಸಲ ಎಳೆಯುವುದು, ನೋಡುವುದು, ಹತ್ತು ಸಲ ಎಳೆಯುವುದು. ನಾಲ್ಕು ಸಂಜೆ ಹೋಯಿತು. 10 ಪಟ್ಟಿನ ಆಬ್ಜೆಕ್ಟಿವ್, ಹಿಂದಿನಿಂದ ಬೆಳಕು, ಬೇರೆ ಬೇರೆ ಆಳಕ್ಕೆ ಫೋಕಸ್ ಮಾಡಿದ 70 ಫೋಟೋ ಪೇರಿಸಿ ಒಂದು ಚಿತ್ರ ಮಾಡಿದೆ. ಹಾಲೆಯ ಮಡಿಲಲ್ಲಿ ಸಾಸಿವೆಯ ಹಾಗೆ ಒಂದು ಗುಂಡು. ಅಡೆರಿಡೇ!

ಇದರ ನಡುವೆ ತಲೆಗೆ ಇನ್ನೊಂದು ಹುಳ ಹೊಕ್ಕಿದೆ. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕಿರುವ ಅಂಬರ್ ಸುಮಾರು 5 ಕೋಟಿ ವರ್ಷ ಹಳೆಯದು, ಡಿಪ್ಟೆರೊಕಾರ್ಪ್ ಮರಗಳ ರಾಳ. ನಮ್ಮ ದಕ್ಷಿಣ ಕನ್ನಡದ ಧೂಪದ ಮರವೂ ಅದೇ ಕುಟುಂಬದ್ದು, ಅಲ್ವಾ? ಅದರ ಹಸಿ ರಾಳದಲ್ಲಿ ಸತ್ತ ಜೀರುಂಡೆ ಮುಳುಗಿಸಿಟ್ಟು, ಅದರಲ್ಲೂ ಕೆನೆ ಕಟ್ಟುತ್ತದೋ ನೋಡಬೇಕು. ಒಣಗಿಸಿದ್ದು ಒಂದು ಡಬ್ಬಿ, ಆಗ ತಾನೇ ಸತ್ತದ್ದು ಒಂದು ಡಬ್ಬಿ. ಅಮ್ಮನ ಮಾತು: ‘ದೇವರಿಗೆ ಹಾಕೋ ಧೂಪವನ್ನ ಹುಳಕ್ಕೆ ಸುರೀತೀಯಾ?’

ಜೀರುಂಡೆಗೆ ಏನು ಹೆಸರು ಎಂದು ಕೇಳಬೇಡಿ. ವಿವರಣೆ ಇಲ್ಲದೆ ಹೆಸರು ಕೂಗಿದರೆ ನಾಮೆನ್ ನುಡುಮ್, ಅಂದರೆ ಮಾನ್ಯತೆ ಇಲ್ಲದ ಬರಿ ಹೆಸರು, ಆಗಿ ಕೂರುತ್ತದೆ. ಈಗಾಗಲೇ ವಿವರಿಸಿರುವ ಜಾತಿಗಳ ಜೊತೆ ಮೀಸೆಯ ಮೂರನೇ ಗೆಣ್ಣು ಹೋಲಿಸುವ ಕೆಲಸ ಬಾಕಿ ಇದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಲಾರೆ. ಹೊಸದೇ ಆದರೆ ಹೋಲೋಟೈಪ್ (ಹೆಸರಿಗೆ ಆಧಾರವಾಗುವ ಮೂಲ ಮಾದರಿ) ಸಾರ್ವಜನಿಕ ಸಂಗ್ರಹಾಲಯಕ್ಕೆ ಹೋಗಬೇಕು. ನನ್ನ ಡ್ರಾಯರಿನಲ್ಲಿರುವ ಕಲ್ಲನ್ನು ಒಳ್ಳೆ ಜರ್ನಲ್‌ಗಳು ಮುಟ್ಟಲ್ಲ.

ಅದಕ್ಕೂ ಮೊದಲು ಆ ಬಿರುಕಿಗೆ ಎಪಾಕ್ಸಿ ತುಂಬಬೇಕು. ರೆಸಿನ್ ಬಂದು ಮೂರು ವಾರವಾಯಿತು. ಅದನ್ನು ಗಟ್ಟಿಮಾಡುವ ಹಾರ್ಡನರ್ ಕೇಳಿದರೆ ಅಂಗಡಿಯವರು ‘ಇವತ್ತು ಡಿಸ್‌ಪ್ಯಾಚ್ ಸರ್’ ಎಂದು ಮೂರು ವಾರದಿಂದ ಹೇಳುತ್ತಿದ್ದಾರೆ.