ಗುಡ್ಡೆಯ ಸಾಲ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿದೆ. ಹಿಂಬದಿಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆ, ಎದುರಿನ ತಗ್ಗಿನಲ್ಲಿ ಒಂದೂವರೆ ಎಕರೆ ಅಡಕೆ ತೋಟ, ಇವೆರಡರ ನಡುವೆ, ನೀರಿಗಾಗಿ ಗುಡ್ಡೆಯೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬಂದು ಬೀಳುವ ಮಣ್ಣಿನ ಕೆರೆ. ಎಂಟು ವರ್ಷಗಳ ಹಿಂದೆ ಬೆಂಗಳೂರಿನ ಕೆಲಸ ಬಿಟ್ಟು ಇಲ್ಲಿಗೆ ಮರಳಿದಾಗ ಪರ್ಮಾಕಲ್ಚರ್ ಶಿಬಿರವೊಂದರಲ್ಲಿ ಬರೆದುಕೊಂಡ ಟಿಪ್ಪಣಿ ಪುಸ್ತಕ ನನ್ನ ಚೀಲದಲ್ಲಿತ್ತು. ಅದರ ಒಂದು ಪುಟವನ್ನು ನಂಬಿ ಮಾಡಿದ ಕೆಲಸ ಮೊದಲ ಮಳೆಗಾಲದಲ್ಲಿಯೇ ಕೊಚ್ಚಿಹೋಯಿತು. ಆ ಕಥೆಯನ್ನು ಹೇಳದೆ ಉಳಿದದ್ದನ್ನು ಹೇಳುವುದು ನ್ಯಾಯವಲ್ಲ.

ಪರ್ಮಾಕಲ್ಚರ್ ಎಂಬುದು 1970ರ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ರೂಪಿಸಿದ, ನಿಸರ್ಗದ ಕ್ರಮವನ್ನು ನೋಡಿ ಕೃಷಿಯನ್ನು ಯೋಜಿಸುವ ಚಿಂತನೆ. ಮನೆಯನ್ನು ಸೊನ್ನೆಯೆಂದು ಇಟ್ಟುಕೊಂಡು, ದಿನವೂ ಕಾಲಿಡುವ ಹಿತ್ತಿಲನ್ನು ಒಂದನೆಯ ವಲಯವೆಂದೂ, ಕೈಯನ್ನೇ ಹಾಕದೆ ಬಿಟ್ಟುಕೊಡುವ ಕಾಡನ್ನು ಐದನೆಯ ವಲಯವೆಂದೂ ಎಣಿಸುವ ಅದರ ಲೆಕ್ಕ ನನಗೆ ಬಹಳ ಹಿಡಿಸಿತ್ತು. ನಮ್ಮ ಜಾಗದ ನಕ್ಷೆ ಬರೆಯುವಾಗ ಐದನೆಯ ವಲಯವನ್ನು ಹುಡುಕುವ ಕಷ್ಟವೇ ಬರಲಿಲ್ಲ, ಏಕೆಂದರೆ ಮೂಲೆಯಲ್ಲಿ ನಾಗಬನವಿತ್ತು. ಅಲ್ಲಿಂದ ಒಣಗಿದ ಕಡ್ಡಿಯನ್ನು ಹೆಕ್ಕಿದರೂ ಅಜ್ಜಿ ಗದರುತ್ತಿದ್ದರು. (ಈಗ ಎಷ್ಟೋ ಬನಗಳಲ್ಲಿ ಮರಗಳನ್ನು ಕಡಿದು ಸಿಮೆಂಟಿನ ಕಟ್ಟೆ ಕಟ್ಟಿ, ನಾಗನಿಗೆ ಬಿಸಿಲು ಕಾಯಿಸುತ್ತಿದ್ದೇವೆ.)

ಶಿಬಿರದಲ್ಲಿ ಕಲಿತಂತೆ, ನೀರು ತುಂಬಿದ ಪ್ಲಾಸ್ಟಿಕ್ ನಳಿಗೆಯಿಂದ ಮಟ್ಟ ಹಿಡಿದು, ಗುಡ್ಡೆಯ ಅಡ್ಡಕ್ಕೆ ಮೂರು ಉದ್ದನೆಯ ಕಂದಕಗಳನ್ನು ತೆಗೆಸಿದೆ. ಓಡುವ ಮಳೆನೀರು ಕಂದಕದಲ್ಲಿ ನಿಂತು ಇಂಗಬೇಕೆಂಬುದು ಉದ್ದೇಶ. ಶಿಬಿರ ನಡೆದದ್ದು ತೆಲಂಗಾಣದ ಒಣ ಬಯಲಿನಲ್ಲಿ, ಬಿದ್ದ ಪ್ರತಿ ಹನಿಯನ್ನೂ ಹಿಡಿದಿಡಬೇಕಾದ ಸೀಮೆಯಲ್ಲಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆಯಾಗುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದುಬಿಡುತ್ತದೆ. ಮುರಕಲ್ಲಿನ ಮೇಲಿನ ಮಣ್ಣು ಕೆಲವೆಡೆ ಗೇಣುದ್ದವೂ ಇಲ್ಲ, ಅದರ ಕೆಳಗೆ ನೀರು ಎಲ್ಲ ಕಡೆಯೂ ಒಂದೇ ವೇಗದಲ್ಲಿ ಇಳಿಯುವುದೂ ಇಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ರಾತ್ರಿ ಮೇಲಿನ ಕಂದಕ ತುಂಬಿ ಬದು ಒಡೆಯಿತು, ಆ ನೀರಿನ ಭಾರಕ್ಕೆ ಕೆಳಗಿನ ಎರಡೂ ಒಡೆದವು, ಬೆಳಗಾಗುವಾಗ ತೋಟದ ಮೇಲಿನ ಮೂರು ಸಾಲು ಅಡಕೆ ಮರಗಳ ಬುಡದಲ್ಲಿ ಮೊಣಕಾಲೆತ್ತರದ ಕೆಂಪು ಕೆಸರು ನಿಂತಿತ್ತು.

ನೋಡಲು ಬಂದ ನೆರೆಮನೆಯ ಹಿರಿಯರು ಒಂದು ಕಾಲದಲ್ಲಿ ಸುರಂಗ ಕೊರೆಯುತ್ತಿದ್ದವರು. ಕೆಸರನ್ನು ಕಾಲಿನಿಂದ ಒತ್ತಿ ನೋಡಿ, ತುಳುವಿನಲ್ಲಿ ಒಂದೇ ಮಾತು ಹೇಳಿದರು: "ನೀರನ್ನು ಕೂರಿಸಿದ್ದು ಸರಿ ಮಾರಾಯ, ಎದ್ದು ಹೋಗಲು ದಾರಿಯೇ ಇಟ್ಟಿಲ್ಲವಲ್ಲ." ಕಂದಕಕ್ಕೆ ಕೋಡಿ ಬೇಕೆಂದು ನನ್ನ ಟಿಪ್ಪಣಿ ಪುಸ್ತಕದಲ್ಲಿಯೂ ಬರೆದಿತ್ತು. ಒಣ ಸೀಮೆಯ ಉತ್ಸಾಹದಲ್ಲಿ ನಾನೇ ಆ ಸಾಲನ್ನು ಹಾರಿಸಿದ್ದೆ.

ಅವರು ನನ್ನನ್ನು ಸುರಂಗದೊಳಕ್ಕೆ ಕರೆದುಕೊಂಡು ಹೋದದ್ದು ಮರುವರ್ಷದ ಮಾರ್ಚಿನಲ್ಲಿ. ನಮ್ಮ ಸುರಂಗ ನಲವತ್ತು ಕೋಲು ಉದ್ದವಿದೆ. ಒಂದು ಕೋಲೆಂದರೆ ಎರಡೂವರೆ ಅಡಿಗೆ ತುಸು ಕಡಿಮೆ. ಒಬ್ಬನು ಗುದ್ದಲಿ ಬೀಸುವಷ್ಟೇ ಅಗಲ, ಆಳೆತ್ತರದ ಮಾಡು. ಒಳಗಿನ ಗೋಡೆಯಲ್ಲಿ ಮುರಕಲ್ಲು ಮುಗಿದು ಜೇಡಿ ಶುರುವಾಗುವ ಕಡೆ ನೀರು ಬೆವರಿನಂತೆ ಒಸರುತ್ತದೆ. ಪಂಪು, ವಿದ್ಯುತ್ತು ಯಾವುದೂ ಬೇಡ, ಇಳಿಜಾರೇ ಅದನ್ನು ಹೊರಗೆ ತರುತ್ತದೆ. ಹಿಂದೆ ಬಾಯಿಯಿಂದ ಕೆರೆಗೆ ಅಡಕೆ ಮರದ ದಂಬೆ (ಸೀಳಿ ತಿರುಳು ತೆಗೆದ ಕಾಂಡ) ಇಡುತ್ತಿದ್ದರು, ಈಗ ಕಪ್ಪು ಪೈಪು. ಗಡಿಯಾಚೆಯ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡೆಯಲ್ಲಿ ಒಬ್ಬರೇ ಕೊರೆದ ಐದು ಸುರಂಗಗಳಲ್ಲಿ ನೀರು ಸಿಗದೆ, ಆರನೆಯದರಲ್ಲಿ ಸಿಕ್ಕಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಊರಿನವರು ಸಂತೋಷಪಟ್ಟರು, ಆದರೆ ಆ ವರ್ಷವೂ ಬೋರ್‌ವೆಲ್ ಕೊರೆಯುವ ಲಾರಿಗಳು ಎಂದಿನಂತೆ ಬರುತ್ತಲೇ ಇದ್ದವು.

ಸುರಂಗದೊಳಗೆ ಟಾರ್ಚು ಹಿಡಿದು ನಿಂತಾಗ ನನಗೆ ಹೊಳೆದ ವಿಷಯ ಸರಳವಾದದ್ದು. ನಮ್ಮ ತೋಟ ಹಸಿರಾಗಿರುವುದು ಗುಡ್ಡೆಯ ಹೊಟ್ಟೆಯಲ್ಲಿರುವ ಮಳೆಯಿಂದ. ಆ ಗುಡ್ಡೆಗೆ ನಾವು ಏನು ಕೊಟ್ಟಿದ್ದೇವೆ?

ಹಿರಿಯರ ಪದ್ಧತಿಯೇ ಪರಿಪೂರ್ಣ ಪರ್ಮಾಕಲ್ಚರ್ ಎಂದು ಹೇಳಿ ಮುಗಿಸುವ ಗೆಳೆಯರು ನನಗಿದ್ದಾರೆ. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. 1956ರ ನವೆಂಬರಿನವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಇಲ್ಲಿಯೂ ಕುಮ್ಕಿಯ ಪದ್ಧತಿಯಿತ್ತು. ವರ್ಗ ಜಮೀನಿನ (ಸ್ವಂತ ಹಿಡುವಳಿಯ) ಅಂಚಿನಿಂದ 100 ಗಜದೊಳಗಿನ ಸರಕಾರಿ ಗುಡ್ಡೆಯಿಂದ ಸೊಪ್ಪು, ಸೌದೆ, ಮುಳಿಹುಲ್ಲು ತರುವ ಸವಲತ್ತು ಕೃಷಿಕನಿಗಿತ್ತು. ಹಟ್ಟಿಯಲ್ಲಿ ಹಸುವಿನ ಕಾಲಡಿಗೆ ಹಾಸಿದ ಆ ಸೊಪ್ಪು ಗೊಬ್ಬರವಾಗಿ ತೋಟಕ್ಕೆ ಹೋಗುತ್ತಿತ್ತು. ತೋಟದ ಕಡೆಯಿಂದ ನೋಡಿದರೆ ಇದು ಎಷ್ಟು ಚಂದದ ಚಕ್ರ! ಗುಡ್ಡೆಯ ಕಡೆಯಿಂದ ನೋಡಿದರೆ ಪ್ರತಿ ವರ್ಷ ಎಲೆ ಹೋಗುತ್ತದೆ, ಹಿಂದೆ ಏನೂ ಬರುವುದಿಲ್ಲ. ಕಾಡು ದಟ್ಟವಾಗಿದ್ದಾಗ, ಮನೆಗಳು ಕಡಿಮೆಯಿದ್ದಾಗ ಅದು ತಡೆದುಕೊಂಡಿತು. ಆಮೇಲೆ ಗುಡ್ಡೆ ಬೋಳಾಯಿತು, ಬೋಳಾದ ಗುಡ್ಡೆಗೆ ಗೇರು ಬಂತು, ರಬ್ಬರು ಬಂತು.

ಗುಡ್ಡೆಯ ಮೇಲೆ ಬಿದ್ದದ್ದು ಕೆಳಗಿನವರ ಕೊಡಪಾನಕ್ಕೆ ಬರುತ್ತದೆ ಎಂಬುದನ್ನು ನಮ್ಮ ಪಂಚಾಯತಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಯಿತು. ಅದನ್ನು ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆದದ್ದು 2011ರ ಮೇ ತಿಂಗಳಲ್ಲಿ. ಅದರ ಫಲವನ್ನು ಹಾಸಿಗೆ ಹಿಡಿದ ಮಕ್ಕಳ ರೂಪದಲ್ಲಿ ಇಂದಿಗೂ ನೋಡಿಕೊಳ್ಳುತ್ತಿರುವ ತಾಯಂದಿರು ನಮ್ಮ ಸುತ್ತಲೇ ಇದ್ದಾರೆ.

ಹಾಗಾಗಿ ನಾನು ಮಾಡಿದ ಮೊದಲ ಕೆಲಸವೆಂದರೆ ಗುಡ್ಡೆಯಿಂದ ಸೊಪ್ಪು ತರುವುದನ್ನು ನಿಲ್ಲಿಸಿದ್ದು. ತೋಟಕ್ಕೆ ಬೇಕಾದದ್ದನ್ನು ತೋಟದಲ್ಲಿಯೇ ಹುಟ್ಟಿಸಬೇಕೆಂದು ಬೇಲಿಯುದ್ದಕ್ಕೂ ಸೊಪ್ಪಿಗಾಗಿ ಗ್ಲಿರಿಸೀಡಿಯಾ ಗಿಡ ಊರಿದೆ. ಬಿದ್ದ ಸೋಗೆಯನ್ನೂ ಅಡಕೆ ಸಿಪ್ಪೆಯನ್ನೂ ಸುಡದೆ ಎರೆಹುಳುಗಳಿಗೆ ಹಾಕಿದೆ. ಅಡಕೆ ಮತ್ತು ತೆಂಗಿನ ಸೋಗೆಯಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ಕೂಡ್ಲಿನ ಸಿಪಿಸಿಆರ್‌ಐಯವರು (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ರೂಪಿಸಿ ಬಹಳ ಕಾಲವಾಯಿತು. ಕೊಳೆರೋಗಕ್ಕೆ ಮಾತ್ರ ಇಂದಿಗೂ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನೇ ಬಿಡಿಸುತ್ತೇನೆ. ಒಂದು ವರ್ಷ ಆದರ್ಶಕ್ಕೆ ಕಟ್ಟುಬಿದ್ದು ಬಿಡಿಸದೆ, ಎಳೆಕಾಯಿಗಳು ಕೊಳೆತು ಅಂಗಳದ ತುಂಬ ಉದುರಿದ್ದನ್ನು ಗುಡಿಸಿದ್ದೇನೆ. ಮಣ್ಣಿನಲ್ಲಿ ತಾಮ್ರ ಸೇರುತ್ತಾ ಹೋಗುತ್ತದೆಂಬುದು ಗೊತ್ತಿದ್ದೂ ಬಿಡಿಸುತ್ತೇನೆ.

ಗುಡ್ಡೆಯಲ್ಲಿ ಉದ್ದನೆಯ ಕಂದಕಗಳ ಜಾಗದಲ್ಲಿ ಈಗ ಬಿಡಿಬಿಡಿಯಾದ ಸಣ್ಣ ಇಂಗುಗುಂಡಿಗಳಿವೆ. ಒಂದು ತುಂಬಿದರೆ ಅದರ ಕೋಡಿಯ ನೀರು ಕಲ್ಲುಗಳ ಮೇಲೆ ನಿಧಾನವಾಗಿ ಇಳಿದು ಕೆಳಗಿನದಕ್ಕೆ ಸೇರುತ್ತದೆ. ಪ್ರತಿ ಗುಂಡಿಯ ಕೆಳಅಂಚಿನಲ್ಲಿ ಪುನರ್ಪುಳಿ, ಕಾಟುಮಾವು, ಹಲಸು, ನೆಲ್ಲಿ ನೆಟ್ಟೆ. ನೆಟ್ಟದ್ದರಲ್ಲಿ ಅರ್ಧದಷ್ಟು ಬೇಸಗೆಯಲ್ಲಿ ಸತ್ತವು. ನೆಡದಿದ್ದ ಕುಂಟಲ, ಕೇಪಳಗಳು ಮಾತ್ರ, ಸೊಪ್ಪು ಕೊಯ್ಯುವ ಕತ್ತಿ ಬಾರದ ಎರಡೇ ವರ್ಷಗಳಲ್ಲಿ ಬುಡದಿಂದ ಚಿಗುರಿ ಎದೆಯೆತ್ತರಕ್ಕೆ ಬಂದವು. ನಾನು ಹಣ ಕೊಟ್ಟು ತಂದ ಸಸಿಗಳಿಗಿಂತ ನಾನು ಸುಮ್ಮನಿದ್ದದ್ದೇ ಗುಡ್ಡೆಗೆ ಹೆಚ್ಚು ಉಪಕಾರ ಮಾಡಿತು ಎಂಬುದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವಾಯಿತು.

ಡಿಸೆಂಬರಿನಲ್ಲಿ ತೋಡಿಗೆ ಕಟ್ಟ ಹಾಕುವುದನ್ನೂ ಮತ್ತೆ ಶುರುಮಾಡಿದ್ದೇವೆ. ಕಲ್ಲು, ಮಣ್ಣು, ಅಡಕೆ ಮರದ ಸೀಳುಗಳಿಂದ ಕಟ್ಟಿದ ಈ ತಾತ್ಕಾಲಿಕ ಒಡ್ಡು ಮಳೆಗಾಲಕ್ಕೆ ಮೊದಲು ಬಿಚ್ಚಿಹೋಗುತ್ತದೆ. ಆರು ಮನೆಯವರು ಸೇರಬೇಕು, ಈಗ ಸೇರುವುದು ನಾಲ್ಕು.

ಮೊದಲೆಲ್ಲ ಪತ್ತನಾಜೆಯ (ಮೇ ಕೊನೆಯ ವಾರದ) ಹೊತ್ತಿಗೆ ಸುರಂಗದ ಕೆರೆ ತುಂಬಲು ಎರಡು ದಿನ ಬೇಕಾಗುತ್ತಿತ್ತು. ಈ ವರ್ಷ ಒಂದು ಹಗಲು ಒಂದು ರಾತ್ರಿಯಲ್ಲಿ ತುಂಬಿತು. ಮಾರ್ಚಿನಲ್ಲಿ ಎರಡು ಒಳ್ಳೆಯ ಮಳೆ ಬಂದದ್ದರಿಂದ ಗುಂಡಿಗಳ ಹೆಸರಿಗೆ ಅದನ್ನು ಬರೆದುಕೊಳ್ಳುವ ಧೈರ್ಯ ನನಗಿಲ್ಲ. ಸುರಂಗದ ಕೊನೆಯ ಹತ್ತು ಕೋಲು ಇರುವುದು ನೆರೆಯವರ ರಬ್ಬರಿನ ಕೆಳಗೆ. ಹೋದ ವಾರ ಅವರ ಜಗಲಿಯಲ್ಲಿ ಕುಳಿತು, ಆ ಭಾಗದಲ್ಲಿ ಕಳೆನಾಶಕ ಹೊಡೆಯಬೇಡಿ, ಹುಲ್ಲನ್ನು ನಾನೇ ಸವರಿಸಿ ಅಲ್ಲಿಯೇ ಹಾಕಿಸುತ್ತೇನೆ, ಕೂಲಿಯೂ ನನ್ನದೇ ಎಂದು ಕೇಳಿಕೊಂಡೆ. ಚಹಾ ಕೊಟ್ಟರು, ಮಳೆ ಬಿಡಲಿ ನೋಡೋಣ ಎಂದರು.