ನಿಮ್ಮಂಥ ಕಾರಿಗೇ ಹಾಕ್ಸಿರೋದು

ಗೆಳೆಯ ಊರಿಗೆ ಹೊರಡುವ ಮುಂಚೆ ಕೀ ಕೊಟ್ಟು ಹೇಳಿದ: "ಸುಮ್ನೆ ಬೇಸ್‌ಮೆಂಟಲ್ಲಿ ನಿಲ್ಲಿಸ್ಬೇಡ ಕಣೋ. ಆಫೀಸಿಗೆ ತಗೊಂಡು ಹೋಗು, ತರಕಾರಿ ತಗೊಂಡು ಬಾ, ಮಗಳನ್ನ ಸ್ಕೂಲಿಗೆ ಬಿಡು. ದಿನಾ ಓಡಿಸೋಕೆ ಆಗುತ್ತಾ ಅಂತ ನೀನೇ ನೋಡಿ ಹೇಳು." ಕಾರು ಪೋರ್ಷೆ 911 ಕರೆರಾ, ಜರ್ಮನಿಯ ಸ್ಪೋರ್ಟ್ಸ್ ಕಾರು, 992 ಸರಣಿಯ ಮೊದಲ ಆವೃತ್ತಿಯದು. ಮನೆಯಲ್ಲಿರೋ ಇನ್ನೊಂದು ದೊಡ್ಡ ಕಾರನ್ನು ಮಾರಿ ಇದೊಂದನ್ನೇ ಇಟ್ಟುಕೊಳ್ಳುವ ಯೋಚನೆ ಅವನಿಗೆ. ಅವನ ಹೆಂಡತಿಗೆ ಅದು ಇಷ್ಟವಿಲ್ಲ. ನನ್ನ ಮಾತಿನ ಮೇಲೆ ಇಬ್ಬರಿಗೂ ನಂಬಿಕೆ.

ಓಡಿಸಿದೆ. ಹೇಳೋಕೆ ತುಂಬಾ ಇದೆ. ಆದರೆ ಏನು ಹೇಳಲು ಹೋದರೂ, ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಕಡೆಯ ಒಂದು ಹಳ್ಳಿಯಲ್ಲಿ ಹಾಲಿನ ಕ್ಯಾನು ಹಿಡಿದ ಹೆಂಗಸೊಬ್ಬರು ಹೇಳಿದ ಮಾತು ಮೊದಲು ನೆನಪಾಗುತ್ತದೆ.

ಮೊದಲು ಕಾರಿನ ಮಾತು ಮುಗಿಸುತ್ತೇನೆ. ಅದರ ಬಗ್ಗೆ ಒಳ್ಳೆಯ ಮಾತೇ ಹೇಳಬೇಕು. ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, ಎರಡು ಟರ್ಬೊ, 385 ಅಶ್ವಶಕ್ತಿ. ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ 4.2 ಸೆಕೆಂಡ್. ಟಾಪ್ ಸ್ಪೀಡ್ 293. 450 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ, ಎಂಜಿನ್ ನಿಮಿಷಕ್ಕೆ 1950 ಸುತ್ತು ತಿರುಗುವಾಗಲೇ ಸಿಕ್ಕಿಬಿಡುತ್ತದೆ. ಹಾಗಾಗಿ ಹೆಬ್ಬಾಳದ ಟ್ರಾಫಿಕ್ಕಿನಲ್ಲೂ ಎಂಜಿನ್ ಕೂಗಿಕೊಳ್ಳುವುದಿಲ್ಲ. ಎಂಟು ಗೇರಿನ ಡಬಲ್ ಕ್ಲಚ್ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಜಗ್ಗದೆ, ಒದೆಯದೆ ಆಮೆ ವೇಗದಲ್ಲೂ ತೆವಳುತ್ತದೆ. ಸ್ಪೋರ್ಟ್ಸ್ ಕಾರು ಅಂದ್ರೆ ಟ್ರಾಫಿಕ್ಕಿನಲ್ಲಿ ಬಿಸಿಯಾಗಿ ನರಳುತ್ತೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ, ಅಲ್ವಾ? ಇದು ಹಾಗಲ್ಲ.

ಎಂಜಿನ್ ಇರುವುದು ಹಿಂದಿನ ಚಕ್ರಗಳಿಗಿಂತಲೂ ಹಿಂದೆ. 1963ರಲ್ಲಿ ಈ ಕಾರನ್ನು ಮೊದಲು ತೋರಿಸಿದಾಗಿಂದ ಹಾಗೇ ಇದೆ. ಭಾರ ಹಿಂದಿರುವುದರಿಂದ ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದಿನ ಟೈರು ನೆಲ ಕಚ್ಚಿ ಹಿಡಿಯುತ್ತದೆ. ಮೂತಿ ಹಗುರ. ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೂ ಕಾರು ಕೇಳಿಸಿಕೊಳ್ಳುತ್ತದೆ. ನನಗೆ ಇಷ್ಟವಾದದ್ದು ಇದು, ವೇಗ ಅಲ್ಲ. ಮೂವತ್ತು ಕಿಲೋಮೀಟರ್ ವೇಗದಲ್ಲಿ ಸರ್ಕಲ್ ಸುತ್ತುವಾಗಲೂ ಕೈಗೆ ರಸ್ತೆ ಗೊತ್ತಾಗುತ್ತದೆ. ಮಳೆ ಬಂದ ದಿನ ಇನ್ನೊಂದು ಗೊತ್ತಾಯಿತು. ಮುಂದಿನ ಚಕ್ರದ ಗೂಡಿನಲ್ಲಿರುವ ಸೆನ್ಸರುಗಳು ನೀರು ಚಿಮ್ಮುವ ಸದ್ದು ಹಿಡಿದು, ರಸ್ತೆ ಒದ್ದೆ ಇದೆ, ವೆಟ್ ಮೋಡ್ ಹಾಕಿಕೋ ಅಂತ ಡ್ಯಾಶ್‌ಬೋರ್ಡಿನಲ್ಲಿ ಹೇಳುತ್ತವೆ. ಬೆಂಗಳೂರಿನ ಮಳೆಗೆ ಇದಕ್ಕಿಂತ ಬೇಕಾದ ಸೌಕರ್ಯ ಇಲ್ಲ.

ಹಿಂದಿನ ಸೀಟು ಹೆಸರಿಗೆ ಸೀಟು. ನನ್ನ ಮಗಳು ಕಾಲು ಮಡಚಿ ಕೂತಳು, ಅವಳಿಗೆ ಖುಷಿಯೇ. ದೊಡ್ಡವರು ಕೂರಲಾಗದು. ಡಿಕ್ಕಿ ಇರುವುದು ಮುಂದೆ, 132 ಲೀಟರ್. ವಾರದ ತರಕಾರಿ ಹಿಡಿಸುತ್ತದೆ, ಊರಿಗೆ ಹೊರಟ ಮನೆಮಂದಿಯ ಸೂಟ್‌ಕೇಸುಗಳು ಹಿಡಿಸುವುದಿಲ್ಲ. ಸ್ಟೆಪ್ನಿ ಇಲ್ಲ, ಪಂಕ್ಚರ್ ತುಂಬುವ ದ್ರವ ಮತ್ತು ಗಾಳಿ ಹೊಡೆಯುವ ಯಂತ್ರ ಅಷ್ಟೇ. ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆಗೆ ಹತ್ತಿದ ಕೂಡಲೇ ಹಿಂದಿನ 295 ಮಿಲಿಮೀಟರ್ ಅಗಲದ ಟೈರುಗಳ ಸದ್ದು ಒಳಗೆ ಗುಂಯ್ ಅನ್ನುತ್ತದೆ. ಡಾಂಬರು ರಸ್ತೆಗೆ ಬಂದರೆ ಸದ್ದು ಇಳಿಯುತ್ತದೆ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಕೂರುವಾಗ ಹೇಗೋ ಕೂತರು. ಇಳಿಯುವಾಗ ಮಂಡಿ ಒಪ್ಪಲಿಲ್ಲ. ನಾನು ಎರಡೂ ಕೈ ಹಿಡಿದು ಎಬ್ಬಿಸಬೇಕಾಯಿತು. "ಚೆನ್ನಾಗಿದೆ ಕಣೋ, ಆದ್ರೆ ವಾಪಸ್ ಹೋಗುವಾಗ ಆಟೋ ಮಾಡು" ಅಂದರು. ಗೆಳೆಯನ ತಾಯಿಗೂ ಅದೇ ವಯಸ್ಸು, ಅದೇ ಮಂಡಿ. ಅವನ ಹೆಂಡತಿ ಹೇಳುತ್ತಿರುವುದು ಸರಿ ಅಂತ ನನಗೆ ಅಲ್ಲೇ ಅನ್ನಿಸಿತು.

ಇಷ್ಟು ಸಾಕು. ಇನ್ನು ಭಾನುವಾರ.

ಬೆಟ್ಟದ ತಪ್ಪಲಿನ ರಸ್ತೆಗಳು ಬೆಂಗಳೂರಿನ ಕಾರು, ಬೈಕು ಪ್ರಿಯರಿಗೆಲ್ಲ ಗೊತ್ತು. ನಂದಿ ಬೆಟ್ಟ ನಗರದಿಂದ ಅರವತ್ತು ಕಿಲೋಮೀಟರ್ ಆಸುಪಾಸು. ಭಾನುವಾರ ನಸುಕಿನಲ್ಲಿ ಹೋಗಿ, ತಿಂಡಿ ತಿಂದು, ಬಿಸಿಲೇರುವ ಮೊದಲು ವಾಪಸ್ ಬರುವುದು ದೊಡ್ಡ ಗುಂಪುಗಳ ವಾಡಿಕೆ. ನಾನು ಮುಖ್ಯರಸ್ತೆ ಬಿಟ್ಟು ಒಳಗಿನ ದಾರಿ ಹಿಡಿದಿದ್ದೆ. ಎಡಬಲ ದ್ರಾಕ್ಷಿ ತೋಟ, ಗುಲಾಬಿಯ ಪಾಲಿಹೌಸು. ಮಂಜು ಇನ್ನೂ ಇತ್ತು. ನಿಧಾನಕ್ಕೇ ಹೋಗುತ್ತಿದ್ದೆ.

ಹಳ್ಳಿಯ ನಡುವೆ ಹಂಪ್ಸ್. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಅಗಲ ಕಡಿಮೆ, ಕಡಿದು, ಎತ್ತರ. ಈ ಕಾರಿನ ಮೂತಿ ಎತ್ತುವ ಸೌಲಭ್ಯವನ್ನು ಕೊಳ್ಳುವಾಗಲೇ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ಗೆಳೆಯ ಹಾಕಿಸಿರಲಿಲ್ಲ. ನಿಲ್ಲಿಸಿದೆ.

ರಸ್ತೆ ಅಂಚಿಗೇ ಹಾಲಿನ ಡೇರಿ. ಕ್ಯಾನು ಹಿಡಿದು ಕೆಲವರು ಸಾಲಾಗಿ ನಿಂತಿದ್ದರು. ಅವರಲ್ಲಿ ತಲೆಗೆ ಟವೆಲ್ ಸುತ್ತಿಕೊಂಡಿದ್ದ ಹೆಂಗಸೊಬ್ಬರು ಕ್ಯಾನು ಕೆಳಗಿಟ್ಟು ಬಂದರು. ಕಾರಿನ ಮುಂದೆ ಬಗ್ಗಿದರು. ಹೆಬ್ಬೆರಳನ್ನು ನೆಲಕ್ಕೆ ಊರಿ, ಕಿರುಬೆರಳನ್ನು ಬಂಪರಿನ ಅಡಿಗೆ ಚಾಚಿ ಅಳೆದರು.

"ಒಂದು ಗೇಣೂ ಇಲ್ವಲ್ಲಪ್ಪ. ನೆಟ್ಟಗೆ ಬರ್ಬೇಡ, ತಗಲ್ಕಂತದೆ. ಅಡ್ಡ ಬಾ, ಅಡ್ಡ."

ಎದುರಿಗೆ ಬರುತ್ತಿದ್ದ ಟ್ರಾಕ್ಟರನ್ನು ಕೈ ತೋರಿಸಿ ನಿಲ್ಲಿಸಿದರು. "ಇನ್ನೂ ಎಡಕ್ಕೆ... ಹಾಂ... ಬಾ, ಬಾ, ಬಾ. ಬಿಡು." ಒಂದೊಂದೇ ಚಕ್ರ ಹತ್ತಿ ಇಳಿಯಿತು. ಎಲ್ಲೂ ತಗಲಲಿಲ್ಲ. ಕಿಟಕಿ ಇಳಿಸಿ, "ತುಂಬಾ ಥ್ಯಾಂಕ್ಸ್ ಅಮ್ಮ. ಹಂಪ್ಸ್ ಸ್ವಲ್ಪ ಜಾಸ್ತಿನೇ ಎತ್ತರ ಆಯ್ತು, ಅಲ್ವಾ?" ಅಂದೆ.

"ಎತ್ತರ ಇರ್ಲಿ ಅಂತಾನೇ ಹಾಕ್ಸಿರೋದಪ್ಪ. ನಿಮ್ಮಂಥ ಕಾರಿಗೇ ಹಾಕ್ಸಿರೋದು."

ಸಿಟ್ಟಿನಿಂದ ಹೇಳಿದ್ದಲ್ಲ. ಹೊತ್ತೆಷ್ಟು ಅಂತ ಕೇಳಿದರೆ ಹೇಳುವ ದನಿಯಲ್ಲೇ ಹೇಳಿದರು. "ಮೊದ್ಲು ಇರ್ಲಿಲ್ಲ. ಭಾನುವಾರ ಬಂತು ಅಂದ್ರೆ ಬರ್ರ್ ಅಂತ ಬರೋರು. ನಮ್ಮ ಕರು ಹೋಯ್ತು. ನಿಲ್ಲಿಸ್ಲೂ ಇಲ್ಲ."

"ಯಾವ ಕಾರಮ್ಮ?"

"ಕೆಂಪುದು. ನಂಬರ್ ನೋಡಕ್ಕೆಲ್ಲಿ ಆಗ್ತದೆ." ಆಮೇಲೆ ಕೈ ತೋರಿಸಿ, "ಹುಷಾರಾಗಿ ಹೋಗಪ್ಪ. ಮುಂದೆ ಶಾಲೆ ಹತ್ರ ಇನ್ನೊಂದು ಐತೆ" ಅಂದರು. ಕ್ಯಾನು ಎತ್ತಿಕೊಂಡು ಸಾಲಿಗೆ ಸೇರಿಕೊಂಡರು.

ನಿಮ್ಮಂಥ ಕಾರಿಗೇ. ಮುಂದಿನ ಇಡೀ ದಾರಿ ಅದೇ ಕೇಳಿಸುತ್ತಿತ್ತು. ಆ ಹಂಪ್ಸ್ ನನಗೆ ಅಡ್ಡ ಬಂದ ಒಂದು ತೊಡಕು ಅಂತ ನೋಡಿದ್ದೆ. ಕಾರುಗಳ ಬಗ್ಗೆ ಬರೆಯುವವರೆಲ್ಲ ಹಾಗೇ ನೋಡುತ್ತಾರೆ: ನಮ್ಮ ರಸ್ತೆಗೆ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಕಾರಿನ ಅಡಿಗಿರುವ ಎತ್ತರ) ಸಾಲದು, ಹಂಪ್ಸ್ ಅವೈಜ್ಞಾನಿಕ. ಅವೈಜ್ಞಾನಿಕ ಅನ್ನುವುದು ನಿಜವೇ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಲ್ಲಿ ಹಂಪ್ಸ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟುವ ಹಾಗೆ. ಬಣ್ಣ ಬಳಿದಿರಬೇಕು, ಮುಂಚೆಯೇ ಫಲಕ ಇರಬೇಕು. ಆ ಹಳ್ಳಿಯದು ಇದರಲ್ಲಿ ಒಂದನ್ನೂ ಪಾಲಿಸಿಲ್ಲ. ಕತ್ತಲಲ್ಲಿ ಬೈಕಿನಲ್ಲಿ ಬರುವವರು ಎಗರಿ ಬೀಳುತ್ತಾರೆ. ಬಣ್ಣ ಬಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಜನ ಯಾಕೆ ಹಾಗೆ ಮಾಡಿದರು ಅನ್ನುವುದನ್ನು ಬರೆದವರನ್ನು ನಾನಂತೂ ಕಂಡಿಲ್ಲ.

ಲೆಕ್ಕ ಹಾಕಿ ನೋಡಿ. ನೂರರ ವೇಗ ಅಂದ್ರೆ ಸೆಕೆಂಡಿಗೆ 28 ಮೀಟರ್. ಹಳ್ಳಿಯ ತಿರುವಿನಲ್ಲಿ ಕರು ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಆಗುತ್ತದೆ. ಈ ಕಾರಿನ ಬ್ರೇಕ್ ಅದ್ಭುತ, ನೂರರಿಂದ ನಿಲ್ಲಲು 35 ಮೀಟರ್ ಆಸುಪಾಸು ಸಾಕು. ಆದರೂ ಒಟ್ಟು ಅರವತ್ತು ಮೀಟರ್ ದಾಟಿತು. ಡೇರಿಯ ಸಾಲು ಅಷ್ಟು ಉದ್ದ ಇರಲಿಲ್ಲ. ನಲವತ್ತರಲ್ಲಿ ಬಂದರೆ ಅದೇ ಒಂದು ಸೆಕೆಂಡಿಗೆ 11 ಮೀಟರ್. ನಿಂತೇ ನಿಲ್ಲುತ್ತದೆ. ಇನ್ನೊಂದು ಕಡೆಯಿಂದ ನೋಡಿ. ಸೊನ್ನೆಯಿಂದ ನೂರಕ್ಕೆ 4.2 ಸೆಕೆಂಡಿನಲ್ಲಿ ಹೋಗುವ ಕಾರಿಗೆ ಬೇಕಾಗುವ ಜಾಗವೂ ಸುಮಾರು ಅರವತ್ತು ಮೀಟರೇ. ಅಂದರೆ ಹಳ್ಳಿಯ ಮೊದಲ ಮನೆಯ ಹತ್ತಿರ ನಿಧಾನವಾಗಿದ್ದವನು ಕೂಡ ಡೇರಿಯ ಹತ್ತಿರ ಬರುವಷ್ಟರಲ್ಲಿ ನೂರು ಮುಟ್ಟಿರಬಹುದು. ಹಾಲು ಹಿಡಿದು ರಸ್ತೆ ದಾಟುವವರು ಕಾರನ್ನು ನೋಡಿ, ದೂರ ಇದೆ ಅಂತ ಅಂದಾಜು ಮಾಡಿ ಕಾಲಿಡುತ್ತಾರೆ. ಆ ಅಂದಾಜು ಬಸ್ಸು, ಟ್ರಾಕ್ಟರು, ಬೈಕು ನೋಡಿ ಕಲಿತದ್ದು. ಈ ಕಾರಿಗೆ ಆ ಅಂದಾಜು ನಡೆಯುವುದಿಲ್ಲ.

ಕರುವಿನ ಲೆಕ್ಕವೂ ಇದೆ. ಹೆಣ್ಣು ಕರು ಎರಡು ಮೂರು ವರ್ಷ ಸಾಕಿದರೆ ಹಾಲು ಕೊಡುವ ಹಸು. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕಿ ನಡೆಯುವ ಮನೆಗೆ ಅದು ಮುಂದಿನ ವರ್ಷಗಳ ಸಂಪಾದನೆ. ಗುದ್ದಿದ ಗಾಡಿ ಸಿಕ್ಕಿದ್ದರೆ ಥರ್ಡ್ ಪಾರ್ಟಿ ವಿಮೆಯಿಂದ ಕೇಳಬಹುದಿತ್ತು. ಗುದ್ದಿ ಓಡಿಹೋದ ಗಾಡಿಗಳ ವಿಷಯಕ್ಕೆ ಕೇಂದ್ರದ ಯೋಜನೆ ಇದೆ, ಜೀವ ಹೋದರೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಅದು ಮನುಷ್ಯರಿಗೆ ಮಾತ್ರ. ಒಂದೂವರೆ ಕೋಟಿಗಿಂತ ಜಾಸ್ತಿ ಬೆಲೆಯ ಕಾರಿಗೆ ನಮ್ಮ ರಾಜ್ಯದಲ್ಲಿ ಶೇಕಡಾ 18ರಷ್ಟು ಲೈಫ್ ಟ್ಯಾಕ್ಸ್ ಕಟ್ಟುವವನು, ಒಂದು ನಿಮಿಷ ನಿಲ್ಲಿಸಿ ಕರುವಿನ ದುಡ್ಡು ಕೊಡಲಾರದೆ ಹೋದನಾ? ದುಡ್ಡಿನ ಮಾತು ಅಲ್ಲವೇ ಅಲ್ಲ. ಅವನಿಗೆ ಅದು ಯಾರದೋ ಮನೆಯ ಮುಂದಿನ ಜಾಗ ಅಂತ ಅನ್ನಿಸಿಯೇ ಇಲ್ಲ. ಡ್ರೈವ್ ಮಾಡೋಕೆ ಚಂದದ ರಸ್ತೆ, ಅಷ್ಟೇ.

ನನ್ನ ಗೆಳೆಯ ಅಂಥವನಲ್ಲ. ಅವನ ಜೊತೆ ಎಷ್ಟೋ ಸಲ ಕೂತಿದ್ದೇನೆ, ಹಳ್ಳಿ ಬಂದ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ. ಆದರೆ ಅವನಿರುವ ಕಾರು ಪ್ರಿಯರ ಗುಂಪಿನಲ್ಲಿ ಓಡಿಸುತ್ತಲೇ ತೆಗೆದ ಸ್ಪೀಡೋಮೀಟರಿನ ಫೋಟೋ ಹಾಕುವವರಿದ್ದಾರೆ. ಫೋಟೋ ತೆಗೆಯುವಾಗ ಕಣ್ಣು ಎಲ್ಲಿತ್ತು? ಅದನ್ನು ಕೇಳುವವರಿಲ್ಲ, ಮೆಚ್ಚುಗೆಯ ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತಾರೆ. ಇವರು ಕೆಟ್ಟವರು ಅಂತಲೂ ನಾನು ಹೇಳಲಾರೆ. ಆಫೀಸಿನಲ್ಲಿ ಕೈಕೆಳಗಿನವರನ್ನು ಚೆನ್ನಾಗಿ ನೋಡಿಕೊಳ್ಳುವವರೂ ಅವರಲ್ಲಿದ್ದಾರೆ. ಕಾರಿನಲ್ಲಿ ಕೂತಾಗ ಬೇರೆಯವರಾಗುತ್ತಾರೆ. ಅದನ್ನೇ ನನಗೆ ನುಂಗಿಕೊಳ್ಳಲಾಗುತ್ತಿಲ್ಲ.

ಇಂಥ ಕಾರಿಗೆ ಜರ್ಮನಿಯೇ ಸರಿ ಅಂತ ಕೆಲವರು ಹೇಳುತ್ತಾರೆ. ಅಲ್ಲಿ ಆಟೋಬಾನಿನ ಎಷ್ಟೋ ಭಾಗಕ್ಕೆ ವೇಗಮಿತಿ ಇಲ್ಲ ಅನ್ನುವುದು ನಿಜ. ಆದರೆ ಅದೇ ದೇಶದಲ್ಲಿ ಊರಿನ ಹೆಸರಿನ ಹಳದಿ ಫಲಕ ದಾಟಿದರೆ 50, ಶಾಲೆ ಇರುವ ಬೀದಿಗಳಲ್ಲಿ ಅನೇಕ ಕಡೆ 30. ಸ್ಟುಟ್‌ಗಾರ್ಟಿನಲ್ಲಿ ಈ ಕಾರನ್ನು ಕಟ್ಟುವವರು ಮನೆಗೆ ಹೋಗುವಾಗ ಆ ಫಲಕ ನೋಡಿಯೇ ಹೋಗಬೇಕು. ನಮ್ಮವರು ಆಟೋಬಾನಿನ ಮಾತು ತಂದರು, ಹಳದಿ ಫಲಕದ ಮಾತನ್ನು ಅಲ್ಲೇ ಬಿಟ್ಟು ಬಂದರು. ಫಲಕ ಇಲ್ಲದ ಕಡೆ ಹಳ್ಳಿಯವರೇ ಡಾಂಬರು ಸುರಿದು ಹಂಪ್ಸ್ ಎಬ್ಬಿಸಿದರು.

ಆ ಹೆಂಗಸಿನ ಇನ್ನೊಂದು ನಡೆ ನನ್ನನ್ನು ಜಾಸ್ತಿ ಕಾಡುತ್ತಿದೆ. ನಮ್ಮಂಥ ಕಾರಿಗೇ ಹಾಕಿಸಿದ ಹಂಪ್ಸ್. ಅದರ ಮುಂದೆ ನಮ್ಮಂಥದೇ ಒಂದು ಕಾರು ಬಂದು ನಿಂತಾಗ ತಗಲದಂತೆ ದಾಟಿಸಿದವರೂ ಅವರೇ. ನಾನಾಗಿದ್ದರೆ ಕ್ಯಾನು ಕೆಳಗಿಡುತ್ತಿದ್ದೆನಾ? ಗೊತ್ತಿಲ್ಲ.

ಗೆಳೆಯ ಬುಧವಾರ ಫೋನ್ ಮಾಡಿದ. ದಿನಾ ಓಡಿಸಬಹುದು, ಆದರೆ ಇನ್ನೊಂದು ಕಾರು ಮಾರಬೇಡ ಅಂದೆ. ಅಮ್ಮಂದಿರ ಮಂಡಿಯ ವಿಷಯ ಹೇಳಿದೆ. ಆಮೇಲೆ ಕರುವಿನ ವಿಷಯ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಕೆಂಪುದಾ?" ಅಂತ ಎರಡು ಸಲ ಕೇಳಿದ. ಆ ದಿನವೇ ಗುಂಪಿನಲ್ಲಿ ಬರೆದ: ಆ ಒಳರಸ್ತೆ ಬೇಡ, ಬೆಳಿಗ್ಗೆ ಹಾಲು ಹಾಕುವ ಹೊತ್ತಲ್ಲಂತೂ ಬೇಡವೇ ಬೇಡ. ಕೆಲವರು ಒಪ್ಪಿದರು, ಒಬ್ಬ ಜಗಳಕ್ಕೇ ಬಂದ, ಕೆಲವರು ಸುಮ್ಮನಿದ್ದರು.

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ ಟ್ರ್ಯಾಕ್ ಡೇ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನ, ಯಾವಾಗ ಸಿಗುತ್ತದೆ ಅಂತ ಈಗ ಅವನು ವಿಚಾರಿಸುತ್ತಿದ್ದಾನೆ. ಸಿಕ್ಕರೆ ನಾನೂ ಹೋಗುತ್ತೇನೆ. ಆ ಎಂಜಿನ್ ಮೀಟರಿನ ಕೆಂಪು ಗೆರೆಯವರೆಗೆ ಏರುವುದನ್ನು ಒಂದು ಸಲ ಕೇಳಬೇಕು ಅನ್ನುವ ಆಸೆ ಇದೆ.